ಬೆಚ್ಚಿಬೀಳುವವರ ಮನೆ

ಶಿಷ್ಯ ಕೇಳಿದ: “ಗುರುಗಳೇ, ಹನ್ನೆರಡು ವರ್ಷ ನಿಮ್ಮ ಬಳಿ ಓದಿದೆ. ನಾಳೆ ಹೊರಡುತ್ತೇನೆ. ಈ ಓದು ಯಾರಿಗಾದರೂ ಉಪಯೋಗಕ್ಕೆ ಬಂದಿತೆಂದು ನಾನು ಯಾವ ಗುರುತಿನಿಂದ ತಿಳಿಯಲಿ?”

ಗುರುಗಳು ಒಂದು ಕತೆ ಹೇಳಿದರು.

ಅದೊಂದು ಬುಧವಾರ. ಒಬ್ಬ ನರವಿಜ್ಞಾನಿ ಒಂದು ಹಳ್ಳಿಯ ಮನೆಗೆ ಕಡೆಯ ಸಲ ಹೋದಳು. ಕೆಲಸ ಚಿಕ್ಕದು. ಆ ಮನೆಯ ಆರು ವರ್ಷದ ಹುಡುಗಿಯ ಹೃದಯ ಸರಿಯಾಗಿದೆ ಎಂದು ಬರೆದು ಕಡತ ಮುಚ್ಚಬೇಕಾಗಿತ್ತು. ಹುಡುಗಿಯ ಹೆಸರು ನಂಜಮಣಿ. ಅವಳಿಗೆ ತಾಯಿ ಇರಲಿಲ್ಲ. ಅಜ್ಜಿ ಸಾಕುತ್ತಿದ್ದಳು.

ಕಡತ ಏಕೆ ತೆರೆದಿತ್ತು ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮ ಹೃದಯಕ್ಕೆ ಎರಡು ಬಗೆಯ ನರಗಳು ಇಳಿಯುತ್ತವೆ. ಒಂದು ಹೃದಯವನ್ನು ಓಡಿಸುತ್ತದೆ, ಇನ್ನೊಂದು ತಡೆದು ನಡೆಸುತ್ತದೆ. ಕೆಲವರ ಹೃದಯ ಹುಟ್ಟಿನಿಂದಲೇ ಒಂದು ಮಿಡಿತ ಮುಗಿಸಿ ಇನ್ನೊಂದಕ್ಕೆ ಸಿದ್ಧವಾಗಲು ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಂಥವರಲ್ಲಿ ಓಡಿಸುವ ನರ ಒಮ್ಮೆಲೇ ಕೆರಳಿದರೆ ಮಿಡಿತ ತಾಳ ತಪ್ಪುತ್ತದೆ. ಅವರು ಇದ್ದಲ್ಲೇ ಬೀಳುತ್ತಾರೆ. ಕೆಲವರು ಏಳುತ್ತಾರೆ, ಕೆಲವರು ಏಳುವುದಿಲ್ಲ. ಆ ನರ ಯಾವುದಕ್ಕೆ ಕೆರಳುತ್ತದೆ ಎಂಬುದೊಂದೇ ಆಕೆಯ ಇಪ್ಪತ್ತೆರಡು ವರ್ಷದ ಪ್ರಶ್ನೆ.

ವಿದ್ಯಾರ್ಥಿನಿಯಾಗಿದ್ದಾಗ ಆಕೆ ಮೊದಲ ಸಲ ನರದ ಸದ್ದನ್ನು ಕೇಳಿದಳು. ಮತ್ತು ಬರಿಸುವ ಮದ್ದು ಕೊಟ್ಟು ಮಲಗಿಸಿದ ಮೊಲದ ನರಕ್ಕೆ ಕೂದಲಿನಂಥ ತಂತಿ ಮುಟ್ಟಿಸಿ, ಅದರ ವಿದ್ಯುತ್ತನ್ನು ಸ್ಪೀಕರಿಗೆ ಕೊಟ್ಟರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಆ ದಿನ ಹೊರಗೆ ಯಾರೋ ಬಾಗಿಲನ್ನು ಬಡಿದರು. ಸಾಸಿವೆಯೆಲ್ಲ ಒಟ್ಟಿಗೆ ಸಿಡಿಯಿತು. ಪ್ರೊಫೆಸರು “ಅಳತೆ ಕೆಟ್ಟಿತು” ಎಂದು, ಯಂತ್ರ ಗೆರೆ ಬರೆದಿದ್ದ ಅಷ್ಟುದ್ದದ ಕಾಗದವನ್ನು ಕತ್ತರಿಸಿ ಬುಟ್ಟಿಗೆ ಹಾಕಿದರು. ಮರುದಿನ ಬಾಗಿಲಿಗೆ ದಪ್ಪ ಕಂಬಳಿ ಬಂತು. ಮುಂದೆ ಆಕೆ ತನ್ನದೇ ಪ್ರಯೋಗಾಲಯ ಕಟ್ಟಿಸಿದಾಗ ಹೊರಗಿನ ಒಂದು ಸದ್ದೂ ಒಳಗೆ ಬಾರದಂತೆ ಕಟ್ಟಿಸಿದಳು. ಅಳತೆ ಶುದ್ಧವಾಗಿರಬೇಕು ಎಂಬುದು ಆಕೆ ಕಲಿತ ಮೊದಲ ಪಾಠ.

ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಒಂಬತ್ತು ವರ್ಷದ ಹಿಂದೆ ಹಿರಿಯವಳು ಬಸ್ಸು ಹಿಡಿಯಲು ಓಡಿ, ಬಿದ್ದು, ತೀರಿಕೊಂಡಳು. ಸುದ್ದಿ ತಿಳಿದು ವಿಜ್ಞಾನಿ ಬಂದಳು. ಓಟವೇ ಕಾರಣ ಎಂದು ಬರೆದುಕೊಂಡಳು. ಕಿರಿಯವಳನ್ನು ತನ್ನ ಸದ್ದಿಲ್ಲದ ಕೋಣೆಗೆ ಕರೆಸಿ, ಉರುಳುವ ಪಟ್ಟಿಯ ಮೇಲೆ ಓಡಿಸಿ ನೋಡಿದಳು. ಕಾಗದದ ಮೇಲೆ ಬಂದ ಮಿಡಿತದ ಗೆರೆಗಳು ಹೆಚ್ಚುಕಡಿಮೆ ಸರಿಯಾಗಿದ್ದವು. ಆದರೂ ಎಚ್ಚರಿಕೆಗೆಂದು “ಓಡಬೇಡಮ್ಮ” ಎಂದು ಹೇಳಿ ಕಳಿಸಿದಳು.

ಕಿರಿಯವಳು ಓಡಲಿಲ್ಲ. ಐದು ವರ್ಷದ ಮೇಲೆ ಒಂದು ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದವಳು ತಟ್ಟನೆ ಎದ್ದು ಕೂತು, ಹಾಗೆಯೇ ಪಕ್ಕಕ್ಕೆ ವಾಲಿದಳು. ಅವಳ ಮಗಳು ನಂಜಮಣಿಗೆ ಆಗ ಎರಡು ವರ್ಷ.

ಆ ಸಾವನ್ನು ವಿಜ್ಞಾನಿ “ನಿಯಮಕ್ಕೆ ಹೊಂದದವು” ಎಂಬ ಪಟ್ಟಿಯಲ್ಲಿ ಬರೆದಳು. ಆ ಪಟ್ಟಿಯಲ್ಲಿ ಅದೊಂದೇ ಹೆಸರಿತ್ತು.

ಅಂದಿನಿಂದ ಪ್ರತಿ ವರ್ಷ ಆಕೆಯ ಸಹಾಯಕರು ಆ ಮನೆಗೆ ಹೋಗುತ್ತಿದ್ದರು. ಹುಡುಗಿಯ ಹೃದಯದ ಗೆರೆ ತೆಗೆದು, ಅಜ್ಜಿಯನ್ನು ಕೇಳುತ್ತಿದ್ದರು: “ಮಗು ಪ್ರಜ್ಞೆ ತಪ್ಪಿ ಬಿದ್ದದ್ದುಂಟೇ?” ಅಜ್ಜಿ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದಳು: “ಪ್ರಜ್ಞೆ ಎಲ್ಲ ಚೆನ್ನಾಗದೆ, ಬೋ ಬುದ್ಧಿವಂತೆ. ಬೆಚ್ಚಿಬೀಳ್ತಾಳೆ, ಅಷ್ಟೆಯ.” ಅವರು “ಇಲ್ಲ” ಎಂಬಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದರು. ನಾಲ್ಕು ವರ್ಷ, ನಾಲ್ಕು ಗುರುತು. ಹುಡುಗಿಗೆ ಕಾಯಿಲೆ ಇಲ್ಲವೆಂದು ತೀರ್ಮಾನವಾಯಿತು. ಕಾಯಿಲೆ ಇಲ್ಲದವರಿಗೆ ಮಾತ್ರೆಯೂ ಇಲ್ಲ.

ಬುಧವಾರ ವಿಜ್ಞಾನಿ ತಾನೇ ಬಂದದ್ದು, ಅಜ್ಜಿಗೆ ಈ ಒಳ್ಳೆಯ ಸುದ್ದಿಯನ್ನು ತನ್ನ ಬಾಯಿಂದ ಹೇಳಬೇಕೆಂದು. ಹುಡುಗಿಯ ಎದೆಗೆ ತಂತಿಗಳನ್ನು ಅಂಟಿಸುತ್ತ, ಸುಮ್ಮನಿರಬಾರದೆಂದು ಒಂದು ಮಾತು ಕೇಳಿದಳು.

“ಇವಳನ್ನ ಶಾಲೆಗೆ ಕಳಿಸಲ್ವಾ ಅಜ್ಜಿ? ವಯಸ್ಸಾಯ್ತಲ್ಲ.”

“ಎಲ್ಲಿಗೆ ಕಳ್ಸನವ್ವ. ಅಲ್ಲಿ ಗಂಟೆ ಹೊಡೀತಾರೆ. ಹೊಡುದ್ರೆ ಇವಳು ಬೆಚ್ಚಿಬೀಳ್ತಾಳೆ.”

ವಿಜ್ಞಾನಿ ನಕ್ಕಳು. “ಅದಕ್ಕೇನಜ್ಜಿ, ಎಲ್ಲಾ ಮಕ್ಕಳೂ ಬೆಚ್ಚಿಬೀಳ್ತಾವೆ. ನಾನೂ ಬೆಚ್ಚಿಬೀಳ್ತೀನಿ.”

ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿ ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನೀನೂ ಬೀಳ್ತೀಯಾ? ಇಷ್ಟು ಗಟ್ಟಿಮುಟ್ಟಾಗಿದ್ದೀಯಲ್ಲವ್ವ. ಬಿದ್ರೆ ಏಳಕ್ಕೆ ನಿಂಗೆಷ್ಟು ಹೊತ್ತಾಯ್ತದೆ? ಇವಳಿಗೆ ಎಲೆ ಅಡಕೆ ಮಡಿಸೋ ಅಷ್ಟು ಹೊತ್ತು ಬೇಕು.”

“ಬೀಳೋದು ಅಂದ್ರೆ, ನೆಲಕ್ಕಾ?”

“ನೆಲಕ್ಕಲ್ದೆ ಮುಗಿಲಿಗೆ ಬಿದ್ದಾರಾ?” ಎಂದಳು ಅಜ್ಜಿ.

ಇಲ್ಲಿ ಶಿಷ್ಯ ತಡೆಯಲಾರದೆ ಕೇಳಿದ: “ಇಷ್ಟು ದೊಡ್ಡ ಮಾತನ್ನು ಆ ಅಜ್ಜಿ ಮೊದಲೇ ಏಕೆ ಹೇಳಲಿಲ್ಲ?”

“ಪ್ರತಿ ವರ್ಷ ಹೇಳಿದ್ದಳು” ಎಂದು ಗುರುಗಳು ಮುಂದುವರಿಸಿದರು.

ನಾವೆಲ್ಲ ಬೆಚ್ಚುತ್ತೇವೆ. ಬೀಳುವುದು ಮಾತಿನಲ್ಲಿ ಮಾತ್ರ. ಆ ಮನೆಯಲ್ಲಿ ಬೆಚ್ಚಿದವರು ನಿಜವಾಗಿ ಬೀಳುತ್ತಿದ್ದರು. ಊರಿನವರೆಲ್ಲ ಹೀಗೆಯೇ ಬೀಳುತ್ತಾರೆ, ಇಲ್ಲದಿದ್ದರೆ ಜನ ಆ ಮಾತನ್ನು ಏಕೆ ಆಡುತ್ತಾರೆ ಎಂದು ಅಜ್ಜಿ ತಿಳಿದಿದ್ದಳು. ತನ್ನವರು ಏಳುವುದು ಮಾತ್ರ ತಡ ಎಂದುಕೊಂಡಿದ್ದಳು.

ವಿಜ್ಞಾನಿ ತಂತಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಒಂದೊಂದಾಗಿ ಕೇಳಿದಳು. ಹಿರಿಯವಳು ಓಡುತ್ತಿದ್ದಾಗ ಬಿದ್ದಳಲ್ಲವೇ? ಅಲ್ಲ. ಓಡಿ ಹೋಗಿ, ಬಸ್ಸು ಸಿಕ್ಕಿ, ಬಾಗಿಲ ಹತ್ತಿರ ನಗುತ್ತ ನಿಂತಿದ್ದಳು. ಆಮೇಲೆ ಡ್ರೈವರು ಹಾರನ್ ಹೊಡೆದ. ಕಿರಿಯವಳು ಚಾಪೆಯಿಂದ ಎದ್ದದ್ದು ಏಕೆ? ಕುಕ್ಕರು ಕೂಗಿತು, ಅದಕ್ಕೆ. ಇದನ್ನು ಯಾರಿಗಾದರೂ ಹೇಳಿದ್ದೆಯಾ? ಕೇಳಿದವರಿಗೆಲ್ಲ ಹೇಳಿದ್ದೆ, ಬೆಚ್ಚಿಬಿದ್ದಳು ಅಂತ.

ಆಕೆಯ ಕಿವಿಯಲ್ಲಿ ಸಾಸಿವೆ ಸಿಡಿಯಿತು. ಬಾಗಿಲು ಬಡಿದ ಸದ್ದಿಗೆ ಮೊಲದ ನರ ಕೆರಳಿದ್ದನ್ನು ಆಕೆ ಇಪ್ಪತ್ತೆರಡು ವರ್ಷದ ಹಿಂದೆಯೇ ಕೇಳಿದ್ದಳು. ಆಮೇಲೆ ಸದ್ದನ್ನೆಲ್ಲ ಹೊರಗಿಟ್ಟು, ಸದ್ದಿಗೆ ಬೀಳುವವರನ್ನು ಒಳಗೆ ಕೂರಿಸಿ ಅಳೆದಿದ್ದಳು.

ಆದರೆ ಆಕೆ ಲೆಕ್ಕದ ಹೆಂಗಸು. ಮಾತು ಹೊಂದಿತೆಂದು ಮಾತ್ರೆ ಕೊಡುವವಳಲ್ಲ. ಅಳೆದು ನೋಡಬೇಕು. ಹುಡುಗಿಯನ್ನು ಬೇಕೆಂದೇ ಬೆಚ್ಚಿಸುವ ಹಾಗೂ ಇಲ್ಲ. ಬೆಚ್ಚಿಸಿದರೆ ಆ ಸಲ ಏಳದೆ ಹೋಗಬಹುದು.

ಅಜ್ಜಿ ಕೇಳಿದಳು: “ಇವಳು ಉಳೀತಾಳಾ, ಇಲ್ವಾ? ಅದೊಂದು ಹೇಳ್ಬುಡವ್ವ.”

“ಎರಡು ದಿನ ಕೊಡು ಅಜ್ಜಿ.”

ಆಕೆ ಆ ರಾತ್ರಿ ಪಕ್ಕದ ಊರಿನಲ್ಲಿ ಉಳಿದಳು. ಬೆಳಿಗ್ಗೆ ಆಸ್ಪತ್ರೆಯಿಂದ ಯಂತ್ರಗಳನ್ನು ತರಿಸಿಕೊಂಡು ಬಂದು, ದಿನವಿಡೀ ಮಿಡಿತವನ್ನು ಬರೆದಿಡುವ ಪುಟ್ಟ ಯಂತ್ರವನ್ನು ಹುಡುಗಿಯ ಸೊಂಟಕ್ಕೆ ಕಟ್ಟಿದಳು. ನಿಂತ ಹೃದಯವನ್ನು ಮತ್ತೆ ಹೊರಡಿಸುವ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡಳು. ಕೈಗಡಿಯಾರವನ್ನು ಯಂತ್ರದ ಗಡಿಯಾರಕ್ಕೆ ಸೆಕೆಂಡು ಬಿಡದೆ ಹೊಂದಿಸಿದಳು. ಗೋಡೆಗೆ ಒರಗಿ ಕೂತು, ಆ ಮನೆಯಲ್ಲಿ ತಾನಾಗಿ ಆಗುವ ಪ್ರತಿ ಸದ್ದನ್ನೂ ಸಮಯದೊಡನೆ ಬರೆಯತೊಡಗಿದಳು. ಕಾಗೆ. ಒರಳು. ಕೊಡದಿಂದ ನೀರು. ಲೋಟ ಬಿತ್ತು. ದಾರಿಯಲ್ಲಿ ಸೈಕಲ್ ಬೆಲ್ಲು. ತೆಂಗಿನ ಗರಿ ಬಿತ್ತು.

ಪಕ್ಕದ ಮನೆಯವಳು ಇಣುಕಿ, ಇವರು ಯಾರೆಂದು ಕೇಳಿದಳು. “ದೊಡ್ಡಾಸ್ಪತ್ರೆ ಡಾಕ್ಟ್ರು. ಇಪ್ಪತ್ತು ವರ್ಷ ಓದವ್ರಂತೆ. ನಮ್ಮನೆ ಲೋಟ ಬಿದ್ದುದ್ದ ಬರ್ಕತಾವ್ರೆ” ಎಂದಳು ಅಜ್ಜಿ. ವಿಜ್ಞಾನಿ ಅದನ್ನು ಸಹ, ಮಾತು ಎಂದು, ಸಮಯದೊಡನೆ ಬರೆದುಕೊಂಡಳು.

ಸಂಜೆಗೆ ಒಟ್ಟು ನಲವತ್ತೊಂದು ಸದ್ದುಗಳಾದವು. ಹುಡುಗಿ ಬೀಳಲಿಲ್ಲ. ಒಂದೆರಡು ಸಲ ಆಟ ನಿಲ್ಲಿಸಿ ಸುಮ್ಮನೆ ಕೂತಳು, ಅಷ್ಟೆ. ವಿಜ್ಞಾನಿ ಹೊರಡುವ ಮುಂಚೆ ಕುಕ್ಕರಿನ ಸೀಟಿಯನ್ನು ಕಿತ್ತು, ಇನ್ನು ಪಾತ್ರೆಯಲ್ಲೇ ಅನ್ನ ಮಾಡು ಎಂದು ಹೇಳಿದಳು.

ಶುಕ್ರವಾರ ಬೆಳಿಗ್ಗೆ ಆಕೆ ಆಸ್ಪತ್ರೆಯ ತನ್ನ ಕೋಣೆಯಲ್ಲಿ ಎಡಗಡೆ ನೋಟ್‌ಬುಕ್ಕು, ಬಲಗಡೆ ಗೆರೆಗಳನ್ನು ಇಟ್ಟುಕೊಂಡಳು. ಕಾಗೆಯ ಸಮಯಕ್ಕೆ ಬೆರಳಿಟ್ಟಳು. ಏನೂ ಇಲ್ಲ. ಒರಳು. ಏನೂ ಇಲ್ಲ. ನೀರು. ಇಲ್ಲ. ಹತ್ತು ಗಂಟೆ ಹನ್ನೆರಡು ನಿಮಿಷ, ಲೋಟ. ಅಲ್ಲಿ ಮಿಡಿತ ಮುಗಿಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿದಿತ್ತು. ಕಣ್ಣಿಗೇ ಕಾಣುವಷ್ಟು. ಆಕೆ ಕನ್ನಡಕ ಒರೆಸಿಕೊಂಡಳು. ಅಳತೆಪಟ್ಟಿ ಇಟ್ಟಳು. ಕಂಡದ್ದು ನಿಜವಾಗಿತ್ತು. ಒಂದೇ ಆದರೆ ಆಕಸ್ಮಿಕ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಮುಂದಿನದಕ್ಕೆ ಹೋದಳು. ತೆಂಗಿನ ಗರಿ. ಇತ್ತು. ಬಾಗಿಲಿನ ಅಗುಳಿ. ಇತ್ತು. ತಟ್ಟನೆ ಆದ ಸದ್ದುಗಳನ್ನಷ್ಟೇ ಬೇರೆ ಮಾಡಿ ಎಣಿಸಿದಳು. ಒಂಬತ್ತು. ಒಂಬತ್ತರಲ್ಲೂ ಇತ್ತು. ಉಳಿದ ಮೂವತ್ತೆರಡರಲ್ಲಿ ಒಂದರಲ್ಲೂ ಇರಲಿಲ್ಲ. ಆ ಒಂಬತ್ತರಲ್ಲೇ ಒಂದಾದ ಸೈಕಲ್ ಬೆಲ್ಲಿನ ಜಾಗದಲ್ಲಿ ಮೂರು ಮಿಡಿತಗಳು ಒಂದರ ಮೇಲೊಂದು ಮುಗ್ಗರಿಸಿ ಬಿದ್ದು, ಮತ್ತೆ ಸಾಲಿಗೆ ಬಂದಿದ್ದವು. ಇನ್ನು ನಾಲ್ಕು ಬಿದ್ದಿದ್ದರೆ ಹುಡುಗಿಯೂ ಬೀಳುತ್ತಿದ್ದಳು.

ಆಕೆ ಎದ್ದಳು, ಕೂತಳು, ಮತ್ತೆ ಎದ್ದಳು. ಚಪ್ಪಲಿ ಮೇಜಿನ ಕೆಳಗೇ ಉಳಿಯಿತು. ಬರಿಗಾಲಲ್ಲಿ ಮೆಟ್ಟಿಲಿಳಿದು ಔಷಧದ ಕೋಣೆಗೆ ಓಡಿದಳು. ಅಲ್ಲಿದ್ದವನು ಗಾಬರಿಯಾಗಿ “ಏನಾಯ್ತು ಮೇಡಂ?” ಎಂದ. ಆಕೆಗೆ ಉಸಿರು ಸಿಗಲಿಲ್ಲ. “ಲೋಟ” ಎಂದಳು. ಅವನು ಓಡಿಹೋಗಿ ನೀರು ತಂದುಕೊಟ್ಟ. ಆಕೆ ಅದನ್ನು ಕುಡಿದು, ನಗುತ್ತ, ಅಳುತ್ತ, ತನಗೆ ಬೇಕಾದ ಮಾತ್ರೆಯ ಹೆಸರನ್ನು ಕಾಗದದ ಮೇಲೆ ಬರೆದಳು.

ಆ ಮಾತ್ರೆ ಹೊಸದಲ್ಲ. ಓಡಿಸುವ ನರ ಎಷ್ಟೇ ಕೂಗಿದರೂ ಹೃದಯಕ್ಕೆ ಮೆಲ್ಲಗೆ ಕೇಳುವಂತೆ ಮಾಡುವ ಮಾತ್ರೆ ಅದು. ಹುಡುಗಿಯ ತೂಕ ಹದಿನೇಳೂವರೆ ಕಿಲೋ. ಅದಕ್ಕೆ ತಕ್ಕಷ್ಟು, ದಿನಕ್ಕೆ ಎರಡು ಹೊತ್ತು. ಆಕೆ ಮಧ್ಯಾಹ್ನದ ಊಟ ಬಿಟ್ಟು ಅದೇ ಶುಕ್ರವಾರ ಹಳ್ಳಿಗೆ ಹೊರಟಳು. ಸಂಜೆ ಐದಕ್ಕೆ ಹುಡುಗಿ ಮೊದಲ ಗುಳಿಗೆ ನುಂಗಿ, ಕಹಿ ಎಂದು ಮುಖ ಹಿಂಡಿದಳು.

ಎರಡು ತಿಂಗಳು ಬಿಟ್ಟು ಆಕೆ ಮತ್ತೆ ಅದೇ ಗೋಡೆಗೆ ಒರಗಿ ಕೂತು ಒಂದು ದಿನದ ಸದ್ದುಗಳನ್ನು ಬರೆದಳು. ಈ ಸಲ ತಟ್ಟನೆ ಆದವು ಹನ್ನೊಂದು. ಹನ್ನೊಂದರಲ್ಲೂ ಮಿಡಿತ ಸಾಲು ಬಿಟ್ಟಿರಲಿಲ್ಲ. ಆಕೆ ಊರಿನ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರೊಡನೆ ಒಂದು ಗಂಟೆ ಮಾತಾಡಿದಳು. ಅವರು ಅಂದೇ ಏಣಿ ತರಿಸಿ ಗಂಟೆಯನ್ನು ಇಳಿಸಿದರು. ಇನ್ನು ಮುಂದೆ ಪ್ರತಿ ಪಾಠ ಮುಗಿದಾಗ ತಾವೇ ತರಗತಿಯಿಂದ ತರಗತಿಗೆ ನಡೆದು ಬಾಗಿಲಲ್ಲಿ ನಿಲ್ಲುವುದಾಗಿ ಹೇಳಿದರು.

ಆಕೆಯ ಕಡತಗಳಲ್ಲಿ ಇಂಥ ಮನೆತನಗಳು ಇನ್ನೂ ಅರವತ್ತಮೂರು ಇದ್ದವು. ಆ ವರ್ಷವಿಡೀ ಆಕೆ ಒಂದೊಂದು ಮನೆಗೂ ತಾನೇ ಹೋದಳು. ನೆಲದ ಮೇಲೆ ಕೂತು, ನಿಮ್ಮಲ್ಲಿ ಯಾರು ಬೆಚ್ಚಿಬೀಳುತ್ತಾರೆ, ಬಿದ್ದರೆ ಏಳಲು ಎಷ್ಟು ಹೊತ್ತು ಎಂದು ಕೇಳಿದಳು. ಐದು ಮನೆಗಳಲ್ಲಿ ಜನ ಈ ಪ್ರಶ್ನೆಗೆ ನಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕೂತಿದ್ದ. “ಅಬ್ಬ. ಆಮೇಲೆ ಆಕೆಗೆ ದೊಡ್ಡ ಹೆಸರು ಬಂದಿರಬೇಕು ಗುರುಗಳೇ” ಎಂದ.

“ಅದು ನನಗೆ ತಿಳಿಯದು. ನೀನು ಕೇಳಿದ ಗುರುತು ಹೇಳುತ್ತೇನೆ. ಜೂನ್ ತಿಂಗಳಲ್ಲಿ ಆ ಊರಿನ ಶಾಲೆಯ ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರನೆಯ ಹೆಸರು ನಂಜಮಣಿ.”