ಬುಟ್ಟಿಯಲ್ಲೇ ಉಳಿದ ಬೂಟು

ಪಂಢರಿನಾಥ ಶಾನಭಾಗರು ಒಂದು ದಿನದ ಮಟ್ಟಿಗೆ ವಿಹಾರನೌಕೆಯನ್ನೇ ಬಾಡಿಗೆಗೆ ಹಿಡಿದಿದ್ದರು. ಅದಕ್ಕೆಂದೇ ಬಿಳಿ ಬೂಟು ಕೊಂಡಿದ್ದರು. ಕಾರವಾರದ ಜೆಟ್ಟಿಗೆ ಬಂದಿಳಿದ ಆ ಬೂಟಿನ ಜಂಬ ಹೇಳತೀರದು.

"ನಾನಿಲ್ಲದೆ ಯಜಮಾನರು ಕಡಲಿಗೆ ಹೊರಡುವುದುಂಟೇ?" ಎಂದು ಅದು, ಜೆಟ್ಟಿಯ ಮೇಲೆ ಪಾದರಕ್ಷೆ ಬಿಡಲು ಇಟ್ಟಿದ್ದ ಬುಟ್ಟಿಯಲ್ಲಿ ಬಿದ್ದಿದ್ದ ಹವಾಯಿ ಚಪ್ಪಲಿಯನ್ನು ಕೇಳಿತು.

"ಉಂಟಲ್ಲ," ಎಂದಿತು ಚಪ್ಪಲಿ. "ಹಲಗೆಗೆ ಗೀರು ಬೀಳಬಾರದೆಂದು ಎಲ್ಲರೂ ನೌಕೆಯನ್ನು ಬರಿಗಾಲಲ್ಲೇ ಹತ್ತಬೇಕು."

"ಅದೆಲ್ಲ ನಿನ್ನಂಥವರಿಗೆ!" ಎಂದು ಬೂಟು ಗದರಿ ಮುಗಿಸುವಷ್ಟರಲ್ಲಿ ಶಾನಭಾಗರು ಅದನ್ನು ಕಳಚಿ ಅದೇ ಬುಟ್ಟಿಗೆ ಹಾಕಿಬಿಟ್ಟರು. ಬೂಟಿಗೆ ಸಿಡಿಲು ಬಡಿದಂತಾಯಿತು. ಅದು ಬಾಯಿ ಬಿಡುವ ಮೊದಲೇ ನೌಕೆ ದ್ವೀಪಗಳ ಕಡೆ ಹೊರಟುಹೋಯಿತು.

ಬಿಸಿಲಲ್ಲಿ ಬೇಯುತ್ತ ಬೂಟು ದಿನವಿಡೀ ತನಗೆ ತಾನೇ ಸಮಾಧಾನ ಹೇಳಿಕೊಂಡಿತು: "ಪಾಪ, ಆ ಮೆತ್ತನೆಯ ಪಾದಗಳು ನಾನಿಲ್ಲದೆ ಎಷ್ಟು ಒದ್ದಾಡುತ್ತಿವೆಯೋ!"

ಸಂಜೆ ಪಾದಗಳು ಉಪ್ಪುನೀರಲ್ಲಿ ತೊಯ್ದು, ಬೆರಳ ಸಂದಿಯಲ್ಲೆಲ್ಲ ಮರಳು ತುಂಬಿಕೊಂಡು ಮರಳಿ ಬಂದವು.

"ಬನ್ನಿ, ಬನ್ನಿ! ನಾನಿಲ್ಲದೆ ಬಹಳ ಕಷ್ಟಪಟ್ಟಿರಾ?" ಎಂದು ಬೂಟು ಬಾಯಗಲಿಸಿತು.

ಎಡಪಾದ ಗಾಬರಿಯಿಂದ ಹಿಂದೆ ಸರಿದು ಬಲಪಾದಕ್ಕೆ ಹೇಳಿತು: "ಅಯ್ಯೋ, ಮತ್ತೆ ಇದರೊಳಗೇ ಹೋಗಬೇಕಲ್ಲ!"