ಕರಿಬೆನ್ನ ಬಾರದ ದಿನ

ಮರಗಳು ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ಹುಲ್ಲು. ಅಂಥದೊಂದು ದೊಡ್ಡ ಬಯಲು, ಬಯಲಿನ ನಡುವೆ ಒಂದು ಕೆರೆ. ಕೆರೆಯ ಮೂಡಣ ದಡದಲ್ಲಿ ನೆಲ ತೇವ, ಹುಲ್ಲು ಮೆತ್ತಗೆ. ಪಡುವಣ ದಡದಲ್ಲಿ ಬರೀ ಕಲ್ಲು, ಕಲ್ಲಿನ ಸಂದಿಯಲ್ಲಿ ಗರಗಸದಂಥ ಒರಟು ಹುಲ್ಲು. ಮೂಡಣ ದಡದಲ್ಲಿ ಯಾರು ಮೇಯಬೇಕು ಅನ್ನುವುದಕ್ಕೆ ಹಿಂದೆಲ್ಲ ವರ್ಷವರ್ಷವೂ ಜಗಳವಾಗಿ ಕೊಂಬುಗಳು ಮುರಿಯುತ್ತಿದ್ದವು. ಕೊನೆಗೆ ಹಿರಿಯರೆಲ್ಲ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಮಳೆಗಾಲ ಮುಗಿದ ಮೇಲೆ ಒಂದು ಓಟ. ಹಿಂಡಿಗೊಬ್ಬರು ಓಡಬೇಕು. ಗೆದ್ದವರ ಹಿಂಡಿಗೆ ಆ ವರ್ಷವಿಡೀ ಮೂಡಣ ದಡ.

ಮಕ್ಕಳೇ, ಓಡಿದವರ ಕತೆಯನ್ನು ಎಲ್ಲರೂ ಹೇಳುತ್ತಾರೆ. ನಾನು ಓಡಿಸಿದವಳ ಕತೆ ಹೇಳುತ್ತೇನೆ.

ಅವಳು ಟಿಟ್ಟವ್ವ. ಟಿಟ್ಟಿಭ ಹಕ್ಕಿ. ಕಡ್ಡಿಯಂಥ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ಇಡೀ ಬಯಲಿಗೆ ಕೇಳುವ ಗಂಟಲು. ಅವಳು ಮೊಟ್ಟೆಯಿಡುತ್ತಿದ್ದದ್ದು ಪಡುವಣ ದಡದ ಕಲ್ಲುಗಳ ನಡುವೆ. ಅಲ್ಲೇ ಒಂದು ಚಿಗರಿ ಹಿಂಡು ಮೂರು ವರ್ಷದಿಂದ ಸೋತು ಸೋತು ಒರಟು ಹುಲ್ಲು ಮೇಯುತ್ತಿತ್ತು. ಆ ವರ್ಷ ಹಿಂಡಿನಲ್ಲಿ ಒಂಬತ್ತು ಮರಿಗಳು ಹುಟ್ಟಿದ್ದವು. ತಾಯಂದಿರ ಕೆಚ್ಚಲಲ್ಲಿ ಹಾಲು ಸಾಲದೆ ಮರಿಗಳು ಮಧ್ಯಾಹ್ನದ ಹೊತ್ತಿಗೇ ಸೋತು ಮಲಗಿಬಿಡುತ್ತಿದ್ದವು. ಹಿಂಡಿನ ಹಿರಿಯಳಾದ ದೊಡ್ಡಕ್ಕ ಟಿಟ್ಟವ್ವನ ಬಳಿ ಬಂದು, ಓಟಕ್ಕೆ ನಿಲ್ಲುವ ನಮ್ಮ ಹುಡುಗ ಚಂಗನನ್ನು ಈ ಸಲ ನೀನೇ ಪಳಗಿಸಬೇಕು, ನಿನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದು ಕೇಳಿಕೊಂಡಳು.

ಟಿಟ್ಟವ್ವ ಒಪ್ಪಿದಳು. ಒಪ್ಪಿದ ಮೂರನೆಯ ದಿನಕ್ಕೇ ಯಾಕಪ್ಪ ಒಪ್ಪಿದೆ ಅಂದುಕೊಂಡಳು.

ಚಂಗನ ಕಾಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಂಥ ಕಾಲು ಇಡೀ ಬಯಲಿನಲ್ಲೇ ಇರಲಿಲ್ಲ. ಆದರೆ ಆ ಕಾಲನ್ನು ಎತ್ತಿಸುವುದೇ ಕಷ್ಟ. ಬೆಳಿಗ್ಗೆ ಇಬ್ಬನಿ ತಣ್ಣಗಿದೆ ಅನ್ನುತ್ತಿದ್ದ. ಬಿಸಿಲು ಬಂದರೆ ಸುಡುತ್ತದೆ ಅನ್ನುತ್ತಿದ್ದ. ಎರಡೂ ಇಲ್ಲದ ದಿನ, ಯಾಕೋ ಇವತ್ತು ಮನಸ್ಸಿಲ್ಲ ಎಂದು ಕೆರೆಯ ನೀರಿನಲ್ಲಿ ತನ್ನ ಸುಳಿಗೊಂಬು ನೋಡಿಕೊಳ್ಳುತ್ತ ನಿಲ್ಲುತ್ತಿದ್ದ. ನಾಲ್ಕು ಮರಿಗಳನ್ನು ಹದ್ದಿನ ಕಣ್ಣು ತಪ್ಪಿಸಿ ಸಾಕಿದ ಟಿಟ್ಟವ್ವನಿಗೆ ಈ ಒಬ್ಬನನ್ನು ಎಬ್ಬಿಸುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು.

ಹೊತ್ತು ಅಳೆಯುವುದಕ್ಕೆ ಅವಳದೇ ಒಂದು ಲೆಕ್ಕವಿತ್ತು. ಒಂದೇ ಸಮನೆ ಕೂಗುತ್ತ ಹೋಗುವುದು. ಓಟ ಶುರುವಾಗುವ ಬನ್ನಿ ಮರದಿಂದ ಕಲ್ಲುಗುಡ್ಡೆಯವರೆಗೆ ಚಂಗ ಓಡುವಷ್ಟರಲ್ಲಿ ಮೂವತ್ತೆರಡು ಕೂಗು ಆಗುತ್ತಿತ್ತು. ಇಪ್ಪತ್ತೆಂಟಕ್ಕೆ ಇಳಿಯದೆ ಗೆಲುವಿಲ್ಲ ಎಂದು ಹಿಂದಿನ ಓಟಗಳನ್ನು ನೋಡಿದ್ದ ಅವಳಿಗೆ ಗೊತ್ತಿತ್ತು. ಬೈದಳು, ರಮಿಸಿದಳು, ಹಸಿದ ಮರಿಗಳನ್ನು ತೋರಿಸಿದಳು. ಚಂಗ ಮರಿಗಳನ್ನು ನೋಡಿ ಅಯ್ಯೋ ಪಾಪ ಅಂದ. ಮೂವತ್ತೆರಡು ಮೂವತ್ತೆರಡಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಸಾಕಾಗಿಹೋಗಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. "ಮಲಗಿರು ಮಲಗಿರು. ಕರಿಬೆನ್ನ ನಿನ್ನೆ ಇಷ್ಟೇ ದೂರವನ್ನ ಇಪ್ಪತ್ತೊಂಬತ್ತು ಕೂಗಲ್ಲಿ ಓಡಿದನಂತೆ."

ಕರಿಬೆನ್ನ ಎಂದರೆ ಮೂಡಣ ದಡದ ಚಿಗರಿ ಹಿಂಡಿನವನು. ಬೆನ್ನು ಮಸಿಯಷ್ಟು ಕಪ್ಪು. ಮೂರು ವರ್ಷವೂ ಗೆದ್ದವನು ಅವನೇ. ಅವನು ನಿನ್ನೆ ಓಡಿದನೋ ಇಲ್ಲವೋ ಟಿಟ್ಟವ್ವನಿಗೇನು ಗೊತ್ತು. ಅದು ಸುಳ್ಳು. ಆದರೆ ಚಂಗನ ಕಿವಿ ನೆಟ್ಟಗಾಯಿತು, ಮೂಗು ಅರಳಿತು. ಮೈ ಕೊಡವಿ ಎದ್ದವನು ಮೂವತ್ತು ಕೂಗಿನಲ್ಲಿ ಕಲ್ಲುಗುಡ್ಡೆ ಮುಟ್ಟಿ ನಿಂತ.

ಟಿಟ್ಟವ್ವ ಕಲ್ಲಿನ ಮೇಲೆ ಕುಳಿತು ಒಂದು ಗಳಿಗೆ ಯೋಚಿಸಿದಳು. ಓಹೋ, ಇವನ ಕೀಲಿ ಇಲ್ಲಿದೆಯೋ ಅಂದುಕೊಂಡಳು.

ಅಲ್ಲಿಂದ ಮುಂದೆ ಅವಳ ಕೆಲಸ ಹಗುರಾಯಿತು. ಕರಿಬೆನ್ನ ದಿಬ್ಬ ಹತ್ತಿ ಓಡುತ್ತಿದ್ದಾನಂತೆ ಎಂದರೆ ಚಂಗ ಎರಡು ಸಲ ಹತ್ತುತ್ತಿದ್ದ. ಕರಿಬೆನ್ನ ನಿನ್ನ ಕಾಲು ನೋಡಿ ನಕ್ಕನಂತೆ ಎಂದರೆ ಮೇವು ಬಿಟ್ಟು ಓಡುತ್ತಿದ್ದ. ಪಾಪದ ಕರಿಬೆನ್ನ ಯಾರನ್ನೂ ನೋಡಿ ನಕ್ಕಿರಲಿಲ್ಲ. ಅವನು ತನ್ನ ಪಾಡಿಗೆ ತಾನು ಮೇಯುತ್ತಿದ್ದ. ತಿಂಗಳು ತುಂಬುವುದರೊಳಗೆ ಚಂಗ ಇಪ್ಪತ್ತಾರು ಕೂಗಿಗೆ ಇಳಿದ.

ಆದರೆ ಅವನ ಬಾಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಕರಿಬೆನ್ನ ಇವತ್ತು ಏನು ತಿಂದ, ಎಷ್ಟು ಹೊತ್ತು ಮಲಗಿದ, ಯಾವ ಕಾಲು ಮೊದಲು ಎತ್ತುತ್ತಾನೆ. ಬೆಳಿಗ್ಗೆಯಿಂದ ಸಂಜೆಯವರೆಗೂ ಇದೇ ವಿಚಾರಣೆ. ದಿನಕ್ಕೊಂದು ಸುಳ್ಳು ಹೊಸೆದು ಟಿಟ್ಟವ್ವನ ತಲೆಯೂ ಬರಿದಾಗುತ್ತ ಬಂತು. ಹೇಳಲು ಏನೂ ಹೊಳೆಯದ ದಿನ ಅವನು ಓಡುತ್ತಲೇ ಇರಲಿಲ್ಲ.

ದೊಡ್ಡಕ್ಕ ಇದನ್ನು ಗಮನಿಸಿದ್ದಳು. "ಟಿಟ್ಟವ್ವ, ಹುಡುಗ ತನ್ನ ಕಾಲು ನೋಡೋದು ಬಿಟ್ಟು ಇನ್ಯಾರದೋ ಕಾಲು ನೋಡ್ತಾ ಇದ್ದಾನಲ್ಲ," ಎಂದಳು.

ಗೆದ್ದ ಮೇಲೆ ಯಾರ ಕಾಲು ಬೇಕಾದರೂ ನೋಡಿಕೊಳ್ಳಲಿ, ನನಗೆ ಮೂಡಣ ದಡ ಸಿಕ್ಕರೆ ಸಾಕು ಎಂದು ಟಿಟ್ಟವ್ವ ರೇಗಿದಳು.

ಓಟದ ದಿನ ಬಂತು. ಸೂರ್ಯ ಇನ್ನೂ ಹುಟ್ಟುತ್ತಿದ್ದ. ಟಿಟ್ಟವ್ವ ಕೆರೆಯ ಅಂಚಿನಲ್ಲಿ ಹುಳ ಹೆಕ್ಕುತ್ತಿದ್ದಾಗ ಒಂದು ಗೌಜಲ ಹಕ್ಕಿ ಓಡೋಡಿ ಬಂದು ಸುದ್ದಿ ಹೇಳಿತು. ಹಿಂದಿನ ಸಂಜೆ ಕರಿಬೆನ್ನ ಚೂಪುಗಲ್ಲು ತುಳಿದು ಅವನ ಗೊರಸು ಸೀಳಿದೆಯಂತೆ. ಕಾಲೂರಲು ಆಗುತ್ತಿಲ್ಲವಂತೆ. ಓಡುವವರು ಬೇರೆ ಯಾರೂ ಇಲ್ಲದೆ ಅವರ ಹಿಂಡು ಈ ಸಲ ಓಟಕ್ಕೆ ಬರುವುದಿಲ್ಲವಂತೆ.

ಟಿಟ್ಟವ್ವನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಹೇಳಿ ಏನು ಪ್ರಯೋಜನ, ಅವಳು ಒಂದು ಕಾಲಿನ ಮೇಲೆ ಕುಣಿದೇಬಿಟ್ಟಳು. ಮರುಗಳಿಗೆಗೆ ಇನ್ನೊಂದು ಯೋಚನೆ ಬಂದು ಕುಣಿತ ನಿಂತಿತು. ಕರಿಬೆನ್ನ ಇಲ್ಲ ಎಂದರೆ ಚಂಗ ಓಡುತ್ತಾನೆಯೇ? ಕೆರೆಯ ನೀರಿನಲ್ಲಿ ಕೊಂಬು ನೋಡುತ್ತ ನಿಂತ ಚಂಗ ಅವಳ ಕಣ್ಣಿಗೆ ಕಟ್ಟಿದ. ಇಷ್ಟು ದಿನ ಹೇಳಿದ ಸುಳ್ಳಿಗೆ ಇನ್ನೊಂದು ಸೇರಿದರೆ ಏನಾಗುತ್ತದೆ ಎಂದುಕೊಂಡು, ಈ ಮಾತು ಯಾರಿಗೂ ಹೇಳಬೇಡ ಎಂದು ಗೌಜಲ ಹಕ್ಕಿಯ ಬಾಯಿ ಕಟ್ಟಿ ಕಳಿಸಿದಳು.

ಬನ್ನಿ ಮರದ ಕೆಳಗೆ ಓಟಗಾರರು ಸೇರಿದ್ದರು. ಒಂದು ಮೊಲ, ಒಂದು ಕಾಡುಹಂದಿ, ಕುರುಚಲು ಕಾಡಿನಿಂದ ಬಂದ ಕೆಂಚಿ ಎಂಬ ಕೊಂಡುಕುರಿ, ಜಿಂಕೆಯ ಬಳಗದವಳು. ಕೆಂಚಿ ಚಿಗರಿಗಿಂತ ಸಣ್ಣವಳು, ಬಲು ಸಂಕೋಚದವಳು. ಯಾರ ಮುಖವನ್ನೂ ನೋಡದೆ ಒಂದೊಂದೇ ಕಾಲು ಚಾಚಿ ಸಡಿಲಿಸಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚಂಗನ ಕಣ್ಣು ಕರಿಬೆನ್ನನನ್ನೇ ಹುಡುಕುತ್ತಿತ್ತು. ಸಾಲಿನ ಆ ತುದಿಯಲ್ಲಿ, ಎತ್ತರದ ಹುಲ್ಲಿನ ಮರೆಯಲ್ಲಿ ನಿಂತಿದ್ದಾನೆ, ನಿನ್ನನ್ನು ಹೆದರಿಸಬೇಕೆಂದೇ ಅಡಗಿದ್ದಾನೆ ಎಂದು ಟಿಟ್ಟವ್ವ ಅವನ ಕಿವಿಯಲ್ಲಿ ಉಸುರಿದಳು. ಚಂಗ ಕತ್ತು ಚಾಚಿದ. ಆ ಕಡೆ ನೋಡಬೇಡ, ಮುಂದೆ ನೋಡು ಎಂದು ಗದರಿಸಿದಳು.

ಪಂಚಾಯ್ತಿಗೆ ನಿಂತಿದ್ದ ಕೊಕ್ಕರೆ ತಾತ ರೆಕ್ಕೆ ಎತ್ತಿ ಇಳಿಸಿದ. ಚಂಗ ಚಿಮ್ಮಿದ. ಮೇಲೆ ಹಾರುತ್ತಿದ್ದ ಟಿಟ್ಟವ್ವ ಅಭ್ಯಾಸಬಲದಿಂದ ಕೂಗು ಎಣಿಸತೊಡಗಿದಳು. ಕಲ್ಲುಗುಡ್ಡೆ ಬಂದಾಗ ಇಪ್ಪತ್ತೈದು. ಅಷ್ಟು ಬೇಗ ಅವನು ಎಂದೂ ಓಡಿರಲಿಲ್ಲ. ಗುಡ್ಡೆ ಸುತ್ತಿ ಕೆರೆಯ ದಂಡೆ ಮುಟ್ಟಿದರೆ ಮುಗಿಯಿತು. ಹಂದಿ, ಮೊಲ ಎಲ್ಲೋ ಹಿಂದೆ. ಕೆಂಚಿ ಕೂಡ ಹತ್ತು ಜಿಗಿತದಷ್ಟು ಹಿಂದೆ. ಟಿಟ್ಟವ್ವನ ಎದೆ ಹಗುರಾಯಿತು.

ಗುಡ್ಡೆ ಸುತ್ತಿದ ಮೇಲೆ ಚಂಗನ ಓಟ ಸಡಿಲವಾಯಿತು. ಪಕ್ಕದಲ್ಲಿ ಗೊರಸಿನ ಸದ್ದಿಲ್ಲ. ಅವನ ಕಿವಿ ಹಿಂದಕ್ಕೂ ಮುಂದಕ್ಕೂ ತಿರುಗತೊಡಗಿತು. ಟಿಟ್ಟವ್ವನಿಗೆ ಗಾಬರಿಯಾಗಿ ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ಕರಿಬೆನ್ನ ಬಂದ! ನಿನ್ನ ಬಾಲದ ಹಿಂದೆಯೇ ಇದ್ದಾನೆ!"

ಹುಲ್ಲಿಲ್ಲದ ಬೋಳು ಜಾಗ ಅದು. ಹಿಂದಿನ ದಾರಿಯೆಲ್ಲ ಅಂಗೈಯಷ್ಟು ಸ್ಪಷ್ಟ. ಚಂಗ ತಿರುಗಿ ನೋಡಿದ. ಏದುಸಿರು ಬಿಡುವ ಹಂದಿ ಕಂಡಿತು, ಮೊಲ ಕಂಡಿತು, ತಲೆ ತಗ್ಗಿಸಿ ಬರುತ್ತಿರುವ ಕೆಂಚಿ ಕಂಡಳು. ಕಪ್ಪು ಬೆನ್ನು ಎಲ್ಲೂ ಇಲ್ಲ.

ಅವನು ನಿಂತುಬಿಟ್ಟ.

"ಎಲ್ಲಿದ್ದಾನೆ?" ಎಂದು ಆಕಾಶ ನೋಡಿ ಕೇಳಿದ.

ಓಡೋ ಮಾರಾಯ ಓಡು ಎಂದು ಟಿಟ್ಟವ್ವ ಅವನ ತಲೆಯ ಮೇಲೇ ಸುತ್ತಿ ಕಿರುಚಿದಳು. ರೆಕ್ಕೆಯಿಂದ ಕೊಂಬಿಗೆ ಬಡಿದಳು. ಅವನ ನಾಲ್ಕು ಕಾಲಿಗೆ ಬದಲು ತನ್ನ ಎರಡು ಕಡ್ಡಿ ಕಾಲಿನಲ್ಲಿ ತಾನೇ ಓಡಿಬಿಡಬೇಕು ಅನ್ನಿಸಿತು ಅವಳಿಗೆ.

"ಇಲ್ಲ, ಹೇಳು. ಅವನು ಎಲ್ಲಿ?"

ಕೆಂಚಿ ಅವರನ್ನು ದಾಟಿಹೋದಳು. ಯಾರನ್ನು ದಾಟಿದೆ ಎಂದು ನೋಡಲೂ ಇಲ್ಲ. ಆಗ ಚಂಗ ಓಡಿದ. ಓಡಿದ ನಿಜ, ಆದರೆ ಒಮ್ಮೆ ಬಿಟ್ಟುಹೋದ ಲಯ ಮತ್ತೆ ಕೂಡಲಿಲ್ಲ. ದಂಡೆ ಮುಟ್ಟುವಾಗ ಅವನು ಕೆಂಚಿಗಿಂತ ಎರಡು ಜಿಗಿತ ಹಿಂದಿದ್ದ.

ಆ ಸಂಜೆ ಕೊಂಡುಕುರಿಗಳು ಮೂಡಣ ದಡಕ್ಕೆ ಇಳಿದವು. ಚಿಗರಿ ತಾಯಂದಿರು ಒಂಬತ್ತು ಮರಿಗಳನ್ನು ಕರೆದುಕೊಂಡು ಮತ್ತೆ ಕಲ್ಲುಗಳ ಕಡೆಗೆ ನಡೆದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಟಿಟ್ಟವ್ವನಿಗೆ ಎದುರುತ್ತರ ಕೊಡುವುದಕ್ಕಾದರೂ ಆಗುತ್ತಿತ್ತು. ದೊಡ್ಡಕ್ಕ ಮಾತ್ರ ಎಲ್ಲಕ್ಕಿಂತ ಸಣ್ಣ ಮರಿಯನ್ನು ನೆಕ್ಕುತ್ತ, ನಾಳೆಯಿಂದ ದೂರದ ಹಳ್ಳದವರೆಗೆ ಹೋಗಿ ಮೇಯೋಣ ಎಂದಳು. ಆ ಹಳ್ಳದಲ್ಲಿ ತೋಳಗಳ ಓಡಾಟವಿತ್ತು.

ಟಿಟ್ಟವ್ವ ಸಿಟ್ಟಿನಿಂದ ಕುದಿಯುತ್ತ ಚಂಗನನ್ನು ಹುಡುಕಿಕೊಂಡು ಹೋದಳು. ಗೆಲುವನ್ನು ಕೈಯಾರೆ ಚೆಲ್ಲಿದವನಿಗೆ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಅವನು ಬನ್ನಿ ಮರದ ಕೆಳಗೆ ಮಲಗಿದ್ದ. ಕರಿಬೆನ್ನನ ಗೊರಸಿನ ಸುದ್ದಿ ಆ ಹೊತ್ತಿಗೆ ಅವನಿಗೂ ತಲುಪಿತ್ತು.

"ಸುಳ್ಳು ಹೇಳಿದೆ ಅಂತ ನನಗೆ ಸಿಟ್ಟಿಲ್ಲ ಅವ್ವ," ಎಂದ. "ಅವನಿಲ್ಲ ಅಂತ ಕಂಡ ಕೂಡಲೇ ನಾನು ಯಾತಕ್ಕೆ ಓಡ್ತಿದ್ದೀನಿ ಅನ್ನೋದೇ ಮರೆತುಹೋಯ್ತು. ಮರಿಗಳೂ ನೆನಪಾಗಲಿಲ್ಲ."

ಆ ಮರೆವನ್ನು ದಿನಕ್ಕೊಂದು ಸುಳ್ಳಿನಂತೆ ಅವನ ತಲೆಗೆ ತುಂಬಿದವಳು ತಾನೇ ಎಂದು ಟಿಟ್ಟವ್ವನಿಗೆ ಗೊತ್ತಾಯಿತು. ರೇಗುವುದಕ್ಕೆ ಬೇರೆ ಯಾರೂ ಸಿಗದೆ ತನ್ನ ಮೇಲೆಯೇ ರೇಗಿಕೊಂಡಳು.

ಮರುದಿನ ಅವಳು ನಾಚಿಕೆ ಬಿಟ್ಟು ಕೆಂಚಿಯ ಬಳಿ ಹೋದಳು. ಓಡುವಾಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದಳು. ಇಂಥ ಪ್ರಶ್ನೆಯನ್ನು ಕೆಂಚಿಗೆ ಯಾರೂ ಕೇಳಿರಲಿಲ್ಲ.

"ಮುಂದಿನ ಹೆಜ್ಜೆ ಎಲ್ಲಿಡೋದು ಅಂತ," ಎಂದಳು. "ಅದು ಚೆನ್ನಾಗಿ ಬಿದ್ದರೆ ಖುಷಿಯಾಗುತ್ತೆ. ದಿನಾ ಓಡ್ತೀನಲ್ಲ, ಅದಕ್ಕೇ."

ಹೊಸದಾಗಿ ಏನೂ ಇರಲಿಲ್ಲ ಆ ಮಾತಿನಲ್ಲಿ. ಇಷ್ಟನ್ನು ಕೇಳಲು ಇಷ್ಟು ದೂರ ಹಾರಿ ಬಂದೆನೇ ಎಂದು ಟಿಟ್ಟವ್ವ ಗೊಣಗುತ್ತಲೇ ವಾಪಸಾದಳು.

ಮೂರು ದಿನ ಚಂಗ ಏಳಲಿಲ್ಲ. ನಾಲ್ಕನೆಯ ದಿನ ತಾನಾಗಿಯೇ ಎದ್ದು ನಿಂತು, ಇವತ್ತು ಕರಿಬೆನ್ನ ಏನು ಮಾಡುತ್ತಿದ್ದಾನೆ ಎಂದು ಕೇಳಿದ. ನಾಲಿಗೆಯ ತುದಿಗೆ ಬಂದ ಸುಳ್ಳನ್ನು ಟಿಟ್ಟವ್ವ ನುಂಗಿಕೊಂಡಳು.

"ನನಗೆ ಗೊತ್ತಿಲ್ಲ ಕಣಪ್ಪ. ಯಾವತ್ತೂ ಗೊತ್ತಿರಲಿಲ್ಲ."

ಚಂಗ ಸ್ವಲ್ಪ ಹೊತ್ತು ಹುಲ್ಲು ಮೂಸುತ್ತ ನಿಂತ. ಆಮೇಲೆ ನಿಧಾನಕ್ಕೆ ಓಡಲು ಶುರುಮಾಡಿದ. ನೋಡಲಾಗದಂಥ ಓಟ. ಮೂವತ್ತೈದು ಕೂಗು ಆಗಿರಬೇಕು, ಅವಳು ಎಣಿಸಲಿಲ್ಲ. ಏನಾದರೂ ಕಿರುಚಬೇಕೆಂದು ಮೈಯೆಲ್ಲ ಉರಿಯುತ್ತಿದ್ದರೂ ಕೊಕ್ಕು ಬಿಗಿಹಿಡಿದು ಕಲ್ಲಿನ ಮೇಲೆ ಕುಳಿತಳು. ಕಲ್ಲುಗುಡ್ಡೆಯ ಬಳಿ ಅವನು ನಿಂತ. ಮುಗಿಯಿತು, ಇನ್ನು ಬಂದು ಮಲಗುತ್ತಾನೆ ಎಂದುಕೊಂಡಳು.

ಅವನು ತನ್ನ ಮುಂಗಾಲು ನೋಡಿಕೊಂಡ. ಎಡಗಾಲನ್ನು ಒಮ್ಮೆ ಎತ್ತಿ ಬೇರೆ ಥರ ಊರಿ ನೋಡಿದ. ಮತ್ತೆ ಬನ್ನಿ ಮರದ ಕಡೆಗೆ ತಿರುಗಿ, ಯಾರೂ ಹೇಳದೆ, ಇನ್ನೊಂದು ಸುತ್ತು ಹೊರಟ.

ನೀತಿ: ಎದುರಾಳಿಯ ಹೆಸರು ಹೇಳಿ ಎಬ್ಬಿಸಿದ ಹುಮ್ಮಸ್ಸು ಎದುರಾಳಿ ಇಲ್ಲದ ದಿನ ಕೈಕೊಡುತ್ತದೆ, ಓಡುವವನಿಗೆ ತಾನು ಯಾತಕ್ಕೆ ಓಡುತ್ತಿದ್ದೇನೆಂಬುದು ತನ್ನೊಳಗೇ ಗೊತ್ತಿರಬೇಕು.