ಸಹಿಗೆ ಕಾದ ವಿಮಾನ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಾನು ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ಪಾಠ ಹೇಳಲು ಬಾ ಎಂದು ನಮ್ಮೂರಿನವರು ಮೂರು ಸಲ ಕರೆದರು. ಮೂರು ಸಲವೂ ನೀವು 'ಇನ್ನೂ ಸ್ವಲ್ಪ ಬಾಕಿ ಇದೆ' ಎಂದಿರಿ. ಈಗ ಮತ್ತೆ ಕರೆ ಬಂದಿದೆ. ನನ್ನಲ್ಲಿ ಬಾಕಿ ಇರುವುದು ಏನು?"

ಗುರು ಒಂದು ಕತೆ ಹೇಳಿದರು.

ವಾಯುಪಡೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಪಾಲಿಗೆ ಒಂದೇ ಜೆಟ್ ಯುದ್ಧವಿಮಾನ. ಅಲ್ಲಿ ಒಂದು ಪದ್ಧತಿ ಇತ್ತು. ಅದು ತಿಳಿಯದಿದ್ದರೆ ಕತೆಯೂ ತಿಳಿಯುವುದಿಲ್ಲ, ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ವಿಮಾನ ಹಾರುವ ಮೊದಲು ಮೆಕ್ಯಾನಿಕ್ ಅದನ್ನು ಪರೀಕ್ಷಿಸಿ, ಹಾರಲು ಯೋಗ್ಯ ಎಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಅದರ ಕೆಳಗೆ ಪೈಲಟ್ ಸಹಿ ಹಾಕಿ ವಿಮಾನವನ್ನು ಪಡೆಯಬೇಕು. ಇಳಿದ ಮೇಲೆ ಮತ್ತೆ ಸಹಿ ಹಾಕಿ ಮರಳಿ ಒಪ್ಪಿಸಬೇಕು. ಹಾಗಾಗಿ ಮೆಕ್ಯಾನಿಕ್‌ಗಳು, "ವಿಮಾನ ನಮ್ಮದು, ಪೈಲಟ್‌ಗಳು ಒಂದು ಗಂಟೆ ಹೊತ್ತಿಗೆ ಕಡ ಒಯ್ಯುತ್ತಾರೆ" ಎನ್ನುತ್ತಿದ್ದರು. ಅದು ತಮಾಷೆಯ ಮಾತು. ಈ ಮೆಕ್ಯಾನಿಕ್ ಅದನ್ನು ನಂಬಿದ್ದ.

ಒಂದು ದಿನ ಆ ವಿಮಾನಕ್ಕೆ ನಿವೃತ್ತಿಯಾಯಿತು. ಅವನು ಸಹಿ ಹಾಕಿದ, ಪೈಲಟ್ ಸಹಿ ಹಾಕಿದ, ವಿಮಾನ ದೂರದ ಊರಿಗೆ ಹಾರಿ ಅಲ್ಲಿಯೇ ಉಳಿಯಿತು. ಪುಸ್ತಕದಲ್ಲಿ ಮರಳಿ ಒಪ್ಪಿಸುವ ಜಾಗ ಖಾಲಿ ಉಳಿಯಿತು. ತಾನು ನಿವೃತ್ತನಾದ ಮೇಲೂ ಮೆಕ್ಯಾನಿಕ್ ಆಕಾಶದಲ್ಲಿ ಸದ್ದು ಕೇಳಿದರೆ ತಲೆ ಎತ್ತುತ್ತಿದ್ದ.

ವಿಮಾನ ಕೈಯಿಂದ ಕೈಗೆ ಹೋಯಿತು. ಮೊದಲು ಒಂದು ಕಾಲೇಜು, ವಿದ್ಯಾರ್ಥಿಗಳು ಬಿಚ್ಚಿ ಕಲಿಯಲಿ ಎಂದು ತೆಗೆದುಕೊಂಡಿತು. ಅವರು ಬಿಚ್ಚಿದರು, ಎಲ್ಲವನ್ನೂ ಮತ್ತೆ ಜೋಡಿಸಲಿಲ್ಲ. ಆಮೇಲೆ ಒಂದು ಪಟ್ಟಣದವರು ಅದನ್ನು ಕಂಬದ ಮೇಲೆ ನಿಲ್ಲಿಸಿ ಬಣ್ಣದ ಮೇಲೆ ಬಣ್ಣ ಬಳಿದರು. ರಸ್ತೆ ಅಗಲ ಮಾಡುವಾಗ ಗುಜರಿ ವ್ಯಾಪಾರಿಯೊಬ್ಬ ಕೊಂಡ. ಅವನಿಂದ ಕೊಂಡವನು ಒಬ್ಬ ಮುದಿ ಪೈಲಟ್. ಯೌವನದಲ್ಲಿ ಅವನು ಹಾರಿಸಿದ್ದು ಇದೇ ವಿಮಾನವನ್ನು. ಅದರಲ್ಲಿ ಎರಡು ಆಸನ. ಮುಂದೆ ತರುಣ ಪೈಲಟ್ ಕೂತು ಹಾರಿಸಲಿ, ತಾನು ಹಿಂದೆ ಕೂತು ಇನ್ನೊಂದು ಸಲ ಮೋಡಗಳನ್ನು ಮೇಲಿನಿಂದ ನೋಡಬೇಕು. ಅವನ ಆಸೆ ಅಷ್ಟೇ. ಅದಕ್ಕೆ ಅನುಮತಿಯನ್ನೂ ಪಡೆದಿದ್ದ. ಆದರೆ ಅವನ ದೃಷ್ಟಿ ಮಂಜಾಗುತ್ತಿತ್ತು. ಮೂರು ವರ್ಷಕ್ಕಿಂತ ಹೆಚ್ಚು ಉಳಿಯದು ಎಂದು ವೈದ್ಯರು ಹೇಳಿದ್ದರು.

ಅವನು ಮೆಕ್ಯಾನಿಕ್‌ನನ್ನು ಹುಡುಕಿ ಕರೆತಂದ. ಮೆಕ್ಯಾನಿಕ್ ಏಳು ಪದರ ಬಣ್ಣ ಕೆರೆದ. ಕಳೆದುಹೋದ ಭಾಗಗಳನ್ನು ಕೈಯಿಂದಲೇ ಮಾಡಿದ. ರೆಕ್ಕೆಯೊಳಗೆ ಗೂಡು ಕಟ್ಟಿದ್ದ ಗುಬ್ಬಿಗಳ ಮರಿಗಳು ಹಾರಿಹೋಗುವವರೆಗೆ ಆ ಭಾಗವನ್ನು ಮುಟ್ಟಲಿಲ್ಲ. ಎರಡನೆಯ ವರ್ಷದ ಕೊನೆಗೆ ಎಂಜಿನ್ ಸರಿಯಾಗಿ ಓಡಿತು. ಅಂದೇ ಸಹಿ ಹಾಕಬಹುದಿತ್ತು.

"ಇನ್ನೇನು ಬಾಕಿ, ಮೇಸ್ತ್ರಿ?" ಎಂದ ಪೈಲಟ್.

"ಒಂದು ವಾಷರ್ ಮನಸ್ಸಿಗೆ ಬರಲಿಲ್ಲ, ಸಾರ್."

"ಹೆಣ್ಣು ನೋಡಲು ಹೋದಾಗಲೂ ಹೀಗೇ ಮಾಡಿದೆಯಾ?"

ಹೊಸ ವಾಷರ್ ಬಂತು. ಆಮೇಲೆ ಒಂದು ಕೊಳವೆ, ಆಮೇಲೆ ಒಂದು ತಂತಿ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಡುಕುತ್ತ ಹೋದರೆ ಯಾವ ವಿಮಾನದಲ್ಲೂ ಒಂದು ಕೊರತೆ ಸಿಗುತ್ತದೆ. ಸಹಿ ಹಾಕಿದರೆ ವಿಮಾನ ಹೋಗುತ್ತದೆ, ಒಮ್ಮೆ ಹೋದದ್ದು ಮರಳಿರಲಿಲ್ಲ. ಅವನ ಕೈ ತಡೆದದ್ದು ಆ ನೆನಪು. ಅವನು ಅದನ್ನು ಎಚ್ಚರಿಕೆ ಎಂದುಕೊಂಡಿದ್ದ. ಹೀಗೆ ಇನ್ನೂ ಎರಡು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಪೈಲಟ್ ವಿಮಾನದ ಮೈ ತಡವಿ, "ಯಾವ ಬಣ್ಣ ಬಳಿದೆ?" ಎಂದು ಕೇಳಿದ. ಮೆಕ್ಯಾನಿಕ್ ಅಂದೇ ಸಹಿ ಹಾಕಿದ.

ತರುಣ ಪೈಲಟ್ ವಿಮಾನವನ್ನು ಏರಿಸಿದ. ಹಿಂದಿನ ಆಸನ ಖಾಲಿ ಇತ್ತು. ಕಾಣದವನು ಹೋಗಿ ಏನು ಮಾಡಲಿ ಎಂದು ಮುದುಕ ಕೆಳಗೇ ಕುರ್ಚಿ ಹಾಕಿಸಿಕೊಂಡಿದ್ದ.

"ಎಲ್ಲಿದೆ ಈಗ?" ಎಂದ.

"ನೆತ್ತಿಯ ಮೇಲೆ, ಸಾರ್. ಸ್ವಲ್ಪ ಬಲಕ್ಕೆ ವಾಲುತ್ತಿದೆ."

"ಆಗಲೂ ವಾಲುತ್ತಿತ್ತು. ಅಷ್ಟು ವಾಷರ್ ಬದಲಿಸಿದೆಯಲ್ಲ, ಅದೊಂದು ಉಳಿಯಿತೇ?"

ಮುದುಕ ನಕ್ಕ. ಮೆಕ್ಯಾನಿಕ್‌ಗೆ ನಗಲಾಗಲಿಲ್ಲ. ಅರ್ಧ ಗಂಟೆಯಲ್ಲಿ ವಿಮಾನ ಮರಳಿ ಬಂತು. ಎರಡು ವರ್ಷದ ಹಿಂದೆ ಕಳುಹಿಸಿದ್ದರೂ ಹೀಗೆಯೇ ಬರುತ್ತಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಆ ವಿಮಾನದಲ್ಲಿ ಏನೂ ಬಾಕಿ ಇರಲಿಲ್ಲವೇ?"

"ನಿನ್ನಲ್ಲೂ ಇಲ್ಲ ಮಗು, ಮೂರು ಸಲವೂ ಬಾಕಿ ಇದ್ದದ್ದು ನನ್ನಲ್ಲಿ; ನಾಳೆ ಬೆಳಿಗ್ಗೆ ಹೊರಡು" ಎಂದರು ಗುರು.